ಕಲ್ಯಾಣದುರ್ಗದ ಬಳೆ ಅಂಗಡಿಯಲ್ಲಿ ನಿಂತಿದ್ದವನು

ಒಬ್ಬನೇ ಮನುಷ್ಯ ಎರಡು ಕಡೆ ಕಾಣಿಸಿಕೊಂಡ ಅಂತ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ನೋಡಿದವರ ಕಣ್ಣಿನ ತಪ್ಪು, ಅಷ್ಟೇ ಅನ್ನುತ್ತಿದ್ದೆ. ಈಗ ನಗಲು ಆಗುವುದಿಲ್ಲ. ನಂಬಿ ಎಂದು ನಿಮಗೂ ಹೇಳುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಹತ್ತನೇ ತರಗತಿ ಪಾಸು ಮಾಡಿದಾಗ ನನಗೆ ಮೂವತ್ತು ದಾಟಿತ್ತು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ಹಾಕುವವನು. ಸುಜಾತ ಬ್ರಹ್ಮಸಮುದ್ರದ ಕಡೆಯವಳು. ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ನಮ್ಮಿಬ್ಬರಿಗೆ ಪರಿಚಯವಾದದ್ದು ಫೋನಿನ ಡೇಟಿಂಗ್ ಆ್ಯಪಿನಲ್ಲಿ. ಅಕ್ಕನಿಗೆ ಹೇಳಿದರೆ, "ಫೋನ್ ಉಜ್ಕೊಂಡ್ ಹೆಣ್ ಹುಡುಕ್ತೀಯೇನ್ಲಾ? ಚಾರ್ಜ್ ಮುಗುದ್ರೆ ಹೆಂಡ್ತಿನೂ ಹೋಯ್ತಾಳೆ ಕಣ್ಲಾ" ಎಂದು ನಕ್ಕಳು.

ವರ್ಷಕ್ಕೂ ಮೇಲೆ ಮಾತಾಡಿದೆವು, ಫೋನಿನಲ್ಲೇ; ಒಮ್ಮೆಯೂ ಎದುರಾಗಿ ಕಂಡಿರಲಿಲ್ಲ. ಮದುವೆ ಮಾತು ಬಂದರೆ ಮಾತ್ರ ಅವಳು "ನೋಡಾಣ" ಅನ್ನುತ್ತಿದ್ದಳು. ಅದೇ ಆ್ಯಪಿನಲ್ಲಿ ಅವಳಿಗೆ ಮೊದಲು ಸಿಕ್ಕ ಇಬ್ಬರು ತಿಂಗಳುಗಟ್ಟಲೆ ಮಾತಾಡಿ, ಮದುವೆ ಅಂದ ಕೂಡಲೇ ಉತ್ತರ ಕೊಡದೆ ಮಾಯವಾಗಿದ್ದರಂತೆ. ಕೊನೆಗೆ ಒಂದು ದಿನ ಅವಳೇ ಹೇಳಿದಳು: "ಭಾನುವಾರ ಬಾ. ಹಸುರು ಬಳೆ ತೊಡ್ಸು. ಎದುರಿಗೇ ಒಂದ್ ಮಾತು ಕೇಳ್ತೀನಿ, ಉತ್ರ ಕೊಟ್ರೆ ಮುಗೀತು." ನಮ್ಮ ಕಡೆ ಗಂಡಿನವರು ಹೆಣ್ಣಿಗೆ ಹಸಿರು ಬಳೆ ತೊಡಿಸಿದರೆ ಸಂಬಂಧ ಗಟ್ಟಿಯಾದ ಹಾಗೆ. ಬಸ್‌ಸ್ಟ್ಯಾಂಡಿನ ಹತ್ತಿರದ ಬಳೆ ಅಂಗಡಿಗೆ ಮಧ್ಯಾಹ್ನ ಬರುವುದೆಂದು ಮಾತಾಯಿತು.

ಪಾವಗಡ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಬಯಲಿನಲ್ಲಿ ಸಿಗ್ನಲ್ ಇರಲಿಲ್ಲ. ಇನ್ನೊಂದು ಬಸ್ಸು ಹಿಡಿದು ಕಲ್ಯಾಣದುರ್ಗದಲ್ಲಿ ಇಳಿದಾಗ ಹೇಳಿದ ಹೊತ್ತು ಎಷ್ಟೋ ಮೀರಿತ್ತು. ಅಂಗಡಿಗೆ ಓಡಿದೆ. ಸುಜಾತ ಇರಲಿಲ್ಲ.

ಬಳೆ ತೊಡಿಸುವ ಮುದುಕಿ ನನ್ನನ್ನು ನೋಡಿ, "ಏಮಯ್ಯಾ, ತಿರ್ಗಾ ಬಂದ್ಬುಟ್ಟೆ? ಏನಾದ್ರೂ ಮರ್ತೋಗಿದ್ಯಾ?" ಎಂದಳು.

"ಈಗ್ ತಾನೆ ಬಸ್ ಇಳ್ದೆ ಅವ್ವಾ."

"ತಮಾಸೆ ಮಾಡ್ಬ್ಯಾಡ ಕಣಪ್ಪ. ಆಯಮ್ಮಂಗೆ ಬಳೆ ತೊಡಿಸ್ದಾಗ ನೀನು ಪಕ್ಕದಾಗೇ ನಿಂತಿದ್ದೆ, ಅವ್ಳ ಚೀಲ ಹಿಡ್ಕೊಂಡು."

ಬೇರೆ ಯಾರನ್ನೋ ನೋಡಿರಬೇಕು ಅಂದೆ. ಅವಳು ನನ್ನ ಎಡಗೈ ಹಿಡಿದು ಎತ್ತಿದಳು. ಅದರ ಉಂಗುರದ ಬೆರಳು ಅರ್ಧ ಇಲ್ಲ, ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಯಿತು.

"ನಾವು ಮುಖ ನೋಡಾದ್ ಕಮ್ಮಿ ಕಣಪ್ಪ, ದಿನವೆಲ್ಲಾ ನೋಡಾದು ಕೈಗಳ್ನೇ. ಈ ಮೋಟು ಬೆಳ್ಳೇ ಚೀಲದ ಮ್ಯಾಲಿತ್ತು. ಆಯಮ್ಮ ಏನೋ ಕೇಳಿದ್ಲು, ನೀನು ಸುಮ್ಕೆ ನಿಂತಿದ್ದೆ. ತಿರ್ಗಾ ಕೇಳಿದ್ಲು. ಗಂಡ್ಸಿಗೆ ನಾಚ್ಕೆ ಅಂತ ನಾನೇ ನಕ್ಕೆ."

ಅಷ್ಟರಲ್ಲಿ ಸುಜಾತಳ ಮೆಸೇಜು ಬಂತು. "ಕೊನೇವರ್ಗೂ ನನ್ ಜೊತೆ ಇರ್ತೀಯಾ ಅಂತ ಕೇಳ್ದೆ. ನೀನೂ ಬಾಯಿ ಬಿಡ್ಲಿಲ್ಲ. ಸುಮ್ಕೆ ನಿಂತ್ಕಳಕ್ಕೆ ಅಷ್ಟು ದೂರದಿಂದ ಬರಬಾರ್ದಿತ್ತು. ಬಳೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಇಟ್ಟಿದೀನಿ."

ನಾನು ಬರೆದ ಉತ್ತರ ಅವಳಿಗೆ ಹೋಗಲಿಲ್ಲ. ಕರೆ ಹೋಗಲಿಲ್ಲ. ಆ್ಯಪಿನಲ್ಲಿ ಅವಳ ಹೆಸರೇ ಇರಲಿಲ್ಲ. ಓಡಿ ಹೋಗಿ ನೋಡಿದರೆ ಕಲ್ಲುಬೆಂಚಿನ ಮೇಲೆ ಹಸಿರು ಬಳೆಗಳಿದ್ದವು. ಒಂದೂ ಒಡೆದಿರಲಿಲ್ಲ. ಅವಸರವಿಲ್ಲದೆ ಒಂದೊಂದಾಗಿ ತೆಗೆದಿಟ್ಟಿದ್ದಳು. ಮಾರನೇ ವಾರ ಬಟ್ಟೆ ಅಂಗಡಿಗೆ ಹೋದೆ. ಕೆಲಸ ಬಿಟ್ಟು ಹೋದಳು ಅಂದರು. ಎಲ್ಲಿಗೆ ಅಂತ ಅವರಿಗೂ ಗೊತ್ತಿರಲಿಲ್ಲ.

ಇಬ್ಬರೂ ಸೇರಿ ಸುಳ್ಳು ಹೇಳಿದರೇ ಎಂದು ಯೋಚಿಸಿದ್ದೇನೆ. ಆ ಮುದುಕಿಗೆ ಅದರಿಂದ ಏನು ಬರಬೇಕು? ನನ್ನ ಬೆರಳಿನ ವಿಷಯ ಸುಜಾತಳಿಗೆ ನಾನು ಹೇಳಿರಲಿಲ್ಲ, ಅವಳಿಗೆ ಕಳಿಸಿದ ಯಾವ ಫೋಟೋದಲ್ಲೂ ಆ ಕೈ ಇಲ್ಲ. ತಿಳಿದವರನ್ನು ಕೇಳಿದೆ. ಒಬ್ಬರು ಭ್ರಮೆ ಅಂದರು, ಒಬ್ಬರು ತಾಯತ ಕಟ್ಟಿದರು. ನನಗೆ ಎರಡೂ ಒಪ್ಪಲಿಲ್ಲ.

ಅಲ್ಲಿ ನಿಂತಿದ್ದವನು ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಯಾರೇ ಆಗಿರಲಿ, ಅವನ ಬಗ್ಗೆ ನನಗೆ ಭಯವಿಲ್ಲ, ಸಿಟ್ಟಿದೆ. ನನ್ನ ಮುಖ, ನನ್ನ ಕೈ ಎಲ್ಲ ಹೊತ್ತುಕೊಂಡು ಅವಳ ಪಕ್ಕದವರೆಗೂ ಹೋಗಿದ್ದವನು, ಅವಳು ಕೇಳಿದಾಗ ಒಂದು ಸಲ "ಹೂಂ" ಅಂದಿದ್ದರೆ ಸಾಕಿತ್ತು.