ಮುಚ್ಚಿದ ಬಾಗಿಲು

ಬಳ್ಳಾರಿಯಲ್ಲಿ ನಾನು ಎಂ.ಎ. ಓದುತ್ತಿದ್ದಾಗ ಡಿಕನ್‌ಸ್ಟ್ರಕ್ಷನ್ ಎಂಬ ಮಾತು ತರಗತಿಗೆ ಹೊಸದಾಗಿ ಬಂದಿತ್ತು. ಮೇಷ್ಟ್ರು ಅದನ್ನು ನಿರಚನೆ ಎಂದು ಬರೆಸಿದರು. ಕೆಡವುವುದಲ್ಲ, ಒಂದು ಬರಹ ಗಟ್ಟಿಯಾಗಿ ನಿಲ್ಲಲು ತನ್ನೊಳಗೆ ಏನನ್ನು ಮುಚ್ಚಿಟ್ಟಿದೆ ಎಂದು ಬಿಡಿಸಿ ನೋಡುವುದು, ಎಂದರು. ನಮಗೆ ಕೆಡವುವುದೇ ರುಚಿಸಿತು. ಗೆಳತಿಯರು ಸಿನಿಮಾ, ಸೀರೆ, ಪ್ರಿನ್ಸಿಪಾಲರ ಭಾಷಣ, ಸಿಕ್ಕಿದ್ದನ್ನೆಲ್ಲ ಡಿಕನ್‌ಸ್ಟ್ರಕ್ಟ್ ಮಾಡಿದರು. ನಾನು ಮನೆಯಲ್ಲಿ ಅವ್ವನನ್ನು ಮಾಡುತ್ತಿದ್ದೆ.

ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿ ಖಾರ ಕುಟ್ಟುವ ಸದ್ದಾದರೆ ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು, ಬೀದಿ ಸುತ್ತಿ ಹೋಗಿ ವಿಚಾರಿಸಿ ಬರುತ್ತಿದ್ದಳು.

"ಬರ್ರಿ ಅಕ್ಕಾರ, ಒನಕಿ ಎತ್ತಿದ್ರ ಸಾಕು, ನೀವು ಹಾಜರು," ಎಂದು ಪಕ್ಕದಾಕೆ ನಗುತ್ತಿದ್ದಳು. ಅವ್ವನ ಈ ಓಡಾಟಕ್ಕೆ ಒಂಟಿತನ ಎಂದು ನಾನು ಅರ್ಥ ಹಚ್ಚಿದ್ದೆ.

ಅಪ್ಪ ತೀರಿಕೊಂಡ ಮೇಲೆ ಕುರುಗೋಡಿನ ನಮ್ಮ ಹಳೆಯ ಮಾಳಿಗೆ ಮನೆಯನ್ನು ಬಿಚ್ಚಿಸಬೇಕಾಯಿತು. ಕಲ್ಲು, ತೊಲೆಗಳು ಸಿರುಗುಪ್ಪದ ಚಿಕ್ಕಪ್ಪನಿಗೆ. ಅಪ್ಪ ಮತ್ತು ಚಿಕ್ಕಪ್ಪ ಪಾಲಾದಾಗ ಆ ಮನೆ ಎರಡಾಗಿತ್ತು. ನಡುವಿನ ಗೋಡೆಯೊಂದನ್ನು ಬಿಟ್ಟುಬಿಡಲು ಅವ್ವ ಬೆಳಗಿನಿಂದ ಗೌಂಡಿಯನ್ನು ಕೇಳಿಕೊಳ್ಳುತ್ತಿದ್ದಳು. ಒಂಟಿ ಗೋಡೆ ಯಾರ ಮೇಲಾದರೂ ಬಿದ್ದೀತು ಎಂದು ಅವನು ಒಪ್ಪಲಿಲ್ಲ. ಸುಣ್ಣದ ಪದರು ಕೆತ್ತಿದ.

"ಇದು ಬರೇ ಗ್ವಾಡಿ ಅಲ್ರಿ ಅವ್ವಾರ, ಬಾಗ್ಲಾ ಮುಚ್ಯಾರ."

ಕಲ್ಲು ತೆಗೆದಂತೆ ಕೆಳಗೆ ಹೊಸ್ತಿಲು ಕಂಡಿತು. ನಡುವೆ ತುಳಿದು ಸವೆದಿತ್ತು. ಅಂಚಿನಲ್ಲಿ ಅರಿಸಿನ ಇನ್ನೂ ಉಳಿದಿತ್ತು.

ಚಿಗವ್ವ, ಅಂದರೆ ಚಿಕ್ಕಪ್ಪನ ಮೊದಲ ಹೆಂಡತಿ, ತವರುಮನೆಯಲ್ಲಿ ಜ್ವರ ಬಂದು ತೀರಿಕೊಂಡಳೆಂದು ನನಗೆ ಹೇಳಿದ್ದರು. ಅವ್ವ ಹೊಸ್ತಿಲ ಪಕ್ಕ ಕುಳಿತಳು.

"ಇಲ್ಲೇ ಸತ್ಲು, ಆ ಕಡೆ. ಮನ್ಯಾಗ ಯಾರೂ ಇರಲಿಲ್ಲ. ಗ್ವಾಡಿ ಬಡದ್ಲು. ಆ ಮನಿಗೆ ಕಾಲಿಡಬ್ಯಾಡ ಅಂದಿದ್ದ ನಿಮ್ಮಪ್ಪ. ನಾನು ರೊಟ್ಟಿ ಬಡಿಯಾಕತ್ತಿದ್ದೆ. ಕೇಳಬಾರದಂತ ಇನ್ನೂ ಜೋರಾಗಿ ಬಡದೆ."

ಹೊಸ್ತಿಲು ಟ್ರ್ಯಾಕ್ಟರ್ ಏರಿ ಸಿರುಗುಪ್ಪಕ್ಕೆ ಹೋಯಿತು. ಚಿಕ್ಕಪ್ಪ ಅದನ್ನು ಎಲ್ಲಿ ಕೂರಿಸಿದನೋ ನಾನು ಕೇಳಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ನಿರಚನೆಯ ಪ್ರಶ್ನೆ ಇತ್ತು. ಬೇರೆಯದಕ್ಕೆ ಉತ್ತರ ಬರೆದೆ.

ಅದಕ್ಕೂ ಮುಂಚೆ, ನಾವು ಬಳ್ಳಾರಿಗೆ ಮರಳಿದ ವಾರವೇ, ಪಕ್ಕದ ಮನೆಯಲ್ಲಿ ಒನಕೆಯ ಸದ್ದಾಯಿತು. ಅವ್ವ ರೊಟ್ಟಿಯ ಮೇಲಿನಿಂದ ಕೈ ತೆಗೆದು ನನ್ನ ಕಡೆ ನೋಡಿದಳು. ನೀನು ಕೂತಿರು ಎಂದು ನಾನೇ ಚಪ್ಪಲಿ ಮೆಟ್ಟಿ ಬೀದಿ ಸುತ್ತಿ ಹೋದೆ. ಕುಟ್ಟುತ್ತಿದ್ದುದು ಖಾರವೇ. ಬಂದು ಹೇಳಿದೆ. ಅಲ್ಲಿಯವರೆಗೂ ಅವ್ವನ ಕೈ ರೊಟ್ಟಿಯನ್ನು ಮುಟ್ಟಿರಲಿಲ್ಲ.