ತೊಕಿಕೊ ಮನೆಯ ಆಟದ ಮೇಜು

ನಮ್ಮ ಬೀದಿಯ ತೊಕಿಕೊ ಹೆದರುವ ಹೆಂಗಸಾಗಿರಲಿಲ್ಲ. ಆ ದೊಡ್ಡ ಭೂಕಂಪದ ಬೆಳಗ್ಗೆ ನನ್ನ ಕ್ಷೌರದಂಗಡಿಯ ಕನ್ನಡಿಗಳೆಲ್ಲ ಪುಡಿಪುಡಿಯಾಗಿ, ನಾನು ಬರಿಗಾಲಲ್ಲಿ ಬೀದಿಯಲ್ಲಿ ಕೂತು ಅಳುತ್ತಿದ್ದಾಗ, ಗಂಡನ ಬೂಟು ತಂದು ನನ್ನ ಮುಂದೆ ಎಸೆದು, "ಏಳಿ ಇನುಯಿ ಸಾನ್, ಅತ್ರೆ ಕನ್ನಡಿ ಕೂಡಿಕೊಳ್ಳತ್ತಾ? ಬನ್ನಿ, ಅನ್ನಕ್ಕೆ ನೀರು ಹುಡುಕೋಣ" ಎಂದವಳು ಅವಳು. ಅಂಥವಳು ಹೋದ ವರ್ಷದಿಂದ ರೈಲು ಗೇಟಿನ ಗಂಟೆ ಕೇಳಿದರೆ ಸಾಕು, ಕೈಲಿದ್ದ ಪಾತ್ರೆ ಬಿಡತೊಡಗಿದಳು.

ಕಾರಣ ಅವಳ ಗಂಡ ನಿಶಿವಾಕಿ ಕಾತ್ಸುಜಿ. ಪ್ರಾಯದಲ್ಲಿ ಅವನ ಕೆಲಸ ವಿಡಿಯೋ ಗೇಮ್ ಮೇಜುಗಳ ರಿಪೇರಿ. ಆಗ ನಮ್ಮ ಊರು ಅಮಗಾಸಾಕಿಯ ಕಾಫಿ ಅಂಗಡಿಗಳಲ್ಲೆಲ್ಲ ಅಂಥ ಮೇಜುಗಳಿದ್ದವು. ಮೇಲೆ ಗಾಜು, ಗಾಜಿನ ಕೆಳಗೆ ಅಂಗಾತ ಮಲಗಿದ ಟೀವಿ, ಎದುರುಬದುರು ಕೂತು ಗುಂಡಿ ಒತ್ತುವ ಕಾರ್ಖಾನೆಯ ಹುಡುಗರು, ಪಕ್ಕದಲ್ಲಿ ಅವರು ಮರೆತ ಕಾಫಿ. ಕಾತ್ಸುಜಿ ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದ. ಈಗ ಆ ಅಂಗಡಿಗಳಿಲ್ಲ, ಆ ಮೇಜುಗಳಿಲ್ಲ. ಅವು ಇಲ್ಲ ಎಂಬುದು ಮಾತ್ರ ಕಾತ್ಸುಜಿಗೆ ಗೊತ್ತಿಲ್ಲ. ಮರೆವಿನ ಕಾಯಿಲೆ. ಬೆಳಗ್ಗೆ ಮಿಸೊ ಸಾರು ಕುಡಿದವನೇ ಚೀಲ ಹುಡುಕುತ್ತಾನೆ, ಸಿಗದಿದ್ದರೆ ತರಕಾರಿ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಹಳಿಯ ಆಚೆಯ ಅಂಗಡಿಯವರು ಕಾಯುತ್ತಿದ್ದಾರೆ ಎಂದು ಬಿದ್ದ ಗೇಟಿನ ಕೆಳಗೆ ಬಗ್ಗಿ ನುಗ್ಗುತ್ತಾನೆ. ಒಮ್ಮೆ ಹೂವಿನಂಗಡಿಯ ಹೆಂಗಸು ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು, ಅಷ್ಟರಲ್ಲಿ ರೈಲು ಬಂದೇಬಿಟ್ಟಿತು. ಅವನನ್ನು ಮನೆಗೆ ಬಿಡಲು ಬಂದಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಕಾತ್ಸುಜಿ ನಗುತ್ತ ನಿಂತಿದ್ದ.

"ಕಟ್ಟಿಹಾಕೋಕಾಗತ್ತಾ ಇನುಯಿ ಸಾನ್, ಅವರೇನು ನಾಯೀನಾ?" ಎಂದು ತೊಕಿಕೊ ನನ್ನನ್ನು ಕೇಳಿದಳು. ಬಾಗಿಲಿಗೆ ಬೀಗ ಹಾಕಿದರೆ ಅವನು ಕಿಟಕಿ ಹತ್ತುತ್ತಿದ್ದ.

ಮುದುಕರನ್ನು ಹಗಲು ನೋಡಿಕೊಳ್ಳುವ ಕೇಂದ್ರದ ಹೆಂಗಸು ಒಂದು ಉಪಾಯ ಹೇಳಿದಳು. ಅವನು ಮಾಡುತ್ತಿದ್ದ ಕೆಲಸದ ವಸ್ತು ಮನೆಯಲ್ಲೇ ಇದ್ದರೆ ಹುಡುಕಿಕೊಂಡು ಹೊರಗೆ ಹೋಗುವುದು ನಿಲ್ಲಬಹುದು. ಅಂದರೆ ಒಂದು ಆಟದ ಮೇಜು ಬೇಕು. ಇಲ್ಲಿಂದ ಶುರುವಾಯಿತು ನೋಡಿ ಅಸಲಿಯೋ ನಕಲಿಯೋ ಎಂಬ ತಕರಾರು.

ನಿಶಿನೊಮಿಯಾದಲ್ಲಿರುವ ಮಗಳು ಮಿಹೊ ನಕಲಿಯ ಕಡೆ. ಈಗ ಹಳೇ ಮೇಜಿನ ಅಚ್ಚಿನಲ್ಲೇ ಹೊಸದು ಮಾಡಿ ಮಾರುತ್ತಾರೆ. ಹಗುರ, ಚಪ್ಪಟೆ ಪರದೆ, ಹಳೆಯ ಆಟಗಳೆಲ್ಲ ಒಂದರಲ್ಲೇ. ಅಪ್ಪನ ಎದೆಯಲ್ಲಿ ಪೇಸ್‌ಮೇಕರ್ ಇದೆ, ಅಸಲಿಯ ಮಾತೇ ಎತ್ತಬೇಡಿ ಎಂದು ಅವಳ ವಾದ. ಕಾತ್ಸುಜಿಯ ಜೊತೆ ಕೆಲಸ ಮಾಡಿದ್ದ ದೊಯಿ ಅಸಲಿಯ ಕಡೆ. ಬಂದರಿನ ಹತ್ತಿರ ಒಂದು ಶೆಡ್ಡಿನಲ್ಲಿ ಹಳೇ ಮೇಜುಗಳನ್ನು ಸರಿಮಾಡಿ ಆಸೆಪಟ್ಟವರಿಗೆ ಮಾರುವುದು ಅವನ ಕಸುಬು.

"ನಿಮ್ಮಪ್ಪ ಏನು ಮಗೂನಾ, ಆಟದ ಸಾಮಾನು ಕೊಡೋಕೆ?" ಎಂದ ದೊಯಿ.

"ಮಗು ಆಗಿದ್ರೆ ಭಯ ಇರ್ಲಿಲ್ಲ ದೊಯಿ ಸಾನ್. ಮಗೂಗೆ ಅದನ್ನ ಬಿಚ್ಚೋಕೆ ಬರಲ್ಲ," ಎಂದಳು ಮಿಹೊ.

ಅವಳ ಮಾತಿನಲ್ಲಿ ಹುರುಳಿತ್ತು. ಅಸಲಿ ಮೇಜಿನ ಪಿಕ್ಚರ್ ಟ್ಯೂಬು ಸಾಮಾನ್ಯದ್ದಲ್ಲ. ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೆ ಮಲಗಿರುತ್ತದೆ. ಉರಿಯುತ್ತಿರುವಾಗಂತೂ ಕೇಳುವುದೇ ಬೇಡ. ರಿಪೇರಿಯವರು ಒಳಗೆ ಹಾಕುವುದು ಬಲಗೈಯನ್ನು ಮಾತ್ರ. ಎಡಗೈಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಎರಡೂ ಕೈ ತಾಗಿದರೆ ಶಾಕು ಒಂದು ಕೈಯಿಂದ ಹೊಕ್ಕು, ಎದೆ ಹಾದು, ಇನ್ನೊಂದರಿಂದ ಹೊರಡುತ್ತದಂತೆ. ಅವನು ಎಷ್ಟು ಮರೆತರೂ ಆ ಕೈ ತನ್ನ ಜಾಗ ಮರೆಯಲಾರದು ಎಂದು ದೊಯಿ ಹೇಳಿದ. ತೊಕಿಕೊ ತಲೆಯಾಡಿಸಿದಳು, ನಂಬಲಿಲ್ಲ. ನಕಲಿಯೇ ಬಂತು.

ಬಂದ ದಿನ ಕಾತ್ಸುಜಿ ಅದರ ಸುತ್ತ ಸುತ್ತಿದ, ಮುಟ್ಟಿ ನೋಡಿದ, ಒಂದಷ್ಟು ಹೊತ್ತು ಆಡಿದ. ಮಿಹೊ ಗೆದ್ದವಳಂತೆ ನನ್ನ ಕಡೆ ನೋಡಿದಳು. ಮಧ್ಯಾಹ್ನ ಎಲ್ಲರೂ ಉದೊನ್ ಶಾವಿಗೆ ತಿನ್ನುತ್ತಿದ್ದಾಗ ಅವನು ಚಮಚದ ಹಿಡಿಯಿಂದಲೇ ತಿರುಪು ಬಿಚ್ಚಿ ಹಲಗೆ ತೆಗೆದ. ಒಳಗೇನಿತ್ತು? ಅಂಗೈಯಷ್ಟು ಒಂದು ಹಸಿರು ಬಿಲ್ಲೆ, ದಾರದಂಥ ವೈರು. ಉಳಿದದ್ದೆಲ್ಲ ಖಾಲಿ.

ಮನುಷ್ಯ ಹಾಗೆ ಹೆದರಿದ್ದನ್ನು ನಾನು ಕಂಡಿಲ್ಲ. ಮೊದಲು ಮುಖ ಬಿಳಿಚಿಕೊಂಡಿತು. ಆಮೇಲೆ ಮೂಲೆಗೆ ಸರಿದು, ಅಂಗಿಯನ್ನು ಎದೆಯ ಹತ್ತಿರ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

"ಒಳಗಿಂದೆಲ್ಲಾ ತೆಗ್ದಿದ್ದಾರೆ," ಎಂದು ಪಿಸುಗುಟ್ಟಿದ. "ಹೊರಗೆ ಗೊತ್ತಾಗದ ಹಾಗೆ ತೆಗ್ದಿದ್ದಾರೆ. ಇನ್ನು ನಂದು ತೆಗೀತಾರೆ."

"ಅಪ್ಪಾ, ಅದು ಇರೋದೇ ಹಾಗೆ," ಎಂದು ಮಿಹೊ ಹತ್ತಿರ ಹೋದಳು.

"ನೀನ್ಯಾರು? ನೀನೇ ಅಲ್ವಾ ತಂದಿದ್ದು?" ಎಂದು ಅವನು ಕಿರುಚಿದ. ಮಗಳು ಬಾಗಿಲಾಚೆ ಹೋಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು.

ಅಂದಿನಿಂದ ಅವನು ಹೆದರಿ ಆ ಮೇಜಿಗೆ ಬೆನ್ನು ತಿರುಗಿಸಲಿಲ್ಲ. ಊಟ ಸೇರಲಿಲ್ಲ. ತೊಕಿಕೊ ಸ್ನಾನಕ್ಕೆ ಅಂಗಿ ಬಿಚ್ಚಲು ಹೋದರೆ ಅವಳ ಕೈಯನ್ನೇ ಕಚ್ಚಿದ. ಕೊನೆಗೆ ಅವನು ಮತ್ತೆ ರೈಲು ಗೇಟಿನ ಕಡೆಗೇ ಓಡಿದ. ಈ ಸಲ ಕೆಲಸಕ್ಕಲ್ಲ, ತಪ್ಪಿಸಿಕೊಳ್ಳಲು. ತೊಕಿಕೊ ನಕಲಿಯನ್ನು ಮಗಳ ಕಾರಿಗೆ ತಾನೇ ಹೊತ್ತು ಹಾಕಿ ದೊಯಿಗೆ ಫೋನು ಮಾಡಿದಳು.

ಅಸಲಿ ಮೇಜನ್ನು ಇಳಿಸಲು ಗಟ್ಟಿ ಗಂಡಸರು ಬೇಕಾದರು. ಕಾಲುಗಳ ಕೆಳಗೆ ತಾತಾಮಿ ಚಾಪೆ ಕುಸಿಯಿತು. ಗಾಜಿನ ಅಂಚಿನಲ್ಲಿ ಯಾವ ಕಾಲದ ಯಾರದೋ ಸಿಗರೇಟಿನ ಕಲೆ. ಕಾತ್ಸುಜಿ ಬಂದವನೇ ಅದರ ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟು, ಕಿವಿಯಿಟ್ಟು ಕೇಳಿ, "ಹ್ಞೂಂ, ತುಂಬಿದೆ," ಎಂದ. ಅಂದು ಅವನು ಹೊಟ್ಟೆ ತುಂಬ ಉಂಡ. ಮರುದಿನ ಬೆಳಗ್ಗೆ ಚೀಲ ಹುಡುಕಲಿಲ್ಲ. ಅದರ ಮುಂದೆ ಕೂತು ಆಡಿದ, ಗಾಜು ಒರೆಸಿದ, ಮತ್ತೆ ಆಡಿದ. ಗೇಟಿನ ಗಂಟೆ ಬಡಿದರೂ ತಲೆಯೆತ್ತಲಿಲ್ಲ.

ಆದರೆ ತೊಕಿಕೊಗೆ ನೆಮ್ಮದಿ ಎಲ್ಲಿ? ಮುಂಚೆ ಭಯ ಬೀದಿಯ ಕೊನೆಯಲ್ಲಿತ್ತು, ಈಗ ಮನೆಯ ನಡುವೆ ಬಂದು ಕೂತಿತ್ತು. ಮೇಜಿಗೆ ಒಂದೇ ಬೀಗ, ಒಂದೇ ಕೀಲಿ. ಆ ಕೀಲಿಯನ್ನು ಮನೆಯಲ್ಲಿಡಲು ಹೆದರಿ ನನಗೆ ತಂದುಕೊಟ್ಟಳು.

"ನಾನೇ ಬಂದು ಕೇಳಿದ್ರೂ ಕೊಡ್ಬೇಡಿ ಇನುಯಿ ಸಾನ್."

"ನೀವೇ ಕೇಳಿದ್ರೂನಾ?"

"ಅವರು ಅತ್ತು ಕೇಳಿದ್ರೆ ನಾನು ಕರಗಿಬಿಡ್ತೀನಿ. ನನ್ನನ್ನ ನಂಬಬೇಡಿ."

ನಾನು ಅದನ್ನು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡೆ. ಗಿರಾಕಿಗಳ ತಲೆಗೂದಲು ಕತ್ತರಿಸುವಾಗಲೂ ಆಗಾಗ ಮುಟ್ಟಿ ನೋಡುತ್ತಿದ್ದೆ. ಅವಳ ಹೆದರಿಕೆ ನನಗೂ ಅಂಟಿತ್ತು.

ಒಂದು ಬೆಳಗ್ಗೆ ಅವಳು ಅಕ್ಕಿ ತರಲು ಹೊರಟಳು. ಚೀಲ ಭಾರ ಎಂದು ನಾನೂ ಹೋದೆ. ಕಾತ್ಸುಜಿ ತಿಂಡಿ ತಿಂದು ನಿದ್ದೆ ಹೋಗಿದ್ದ, ಮೇಜಿನ ಪ್ಲಗ್ಗು ಕಿತ್ತಿಟ್ಟಿತ್ತು, ಕೀಲಿ ನನ್ನ ಸೊಂಟದಲ್ಲಿತ್ತು. ವಾಪಸು ಬರುವಾಗ ಬೀದಿಯ ತಿರುವಿನಲ್ಲೇ ಆಟದ ಸದ್ದು ಕೇಳಿಸಿತು. ಎದ್ದು ಪ್ಲಗ್ಗು ಹಾಕಿಕೊಂಡಿದ್ದಾನೆ, ಆಡುತ್ತಿದ್ದಾನೆ ಅಂದುಕೊಂಡೆವು. ತೊಕಿಕೊ ನಕ್ಕಳು ಕೂಡ. ಅಷ್ಟರಲ್ಲಿ ಅವಳು ತಟ್ಟನೆ ನಿಂತಳು.

"ಗುಂಡಿ ಒತ್ತೋ ಸದ್ದು ಇಲ್ಲ," ಎಂದಳು.

ಬಾಗಿಲು ಸರಿಸಿದೆವು. ಮೇಜಿನ ಗಾಜಿನ ಮುಚ್ಚಳ ಮೇಲೆದ್ದು ನಿಂತಿತ್ತು. ಒಳಗಿನ ಬೆಳಕು ಕಾತ್ಸುಜಿಯ ಮುಖದ ಮೇಲೆ ಕುಣಿಯುತ್ತಿತ್ತು. ಅವನು ಮಂಡಿಯೂರಿ ಬಲಗೈಯನ್ನು ಮೊಣಕೈವರೆಗೆ ಒಳಗಿಳಿಸಿದ್ದ. ಎಡಗೈ ಬೆನ್ನ ಹಿಂದೆ ಇರಲಿಲ್ಲ. ಕಬ್ಬಿಣದ ಚೌಕಟ್ಟನ್ನು ಹಿಡಿದುಕೊಂಡಿತ್ತು.

ನನ್ನ ಕೈ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲೇ ಇತ್ತು. ಹಾಗಾದರೆ ಹೇಗೆ ತೆಗೆದ ಎಂದು ನೋಡಿದರೆ, ಅವನ ಮಂಡಿಯ ಪಕ್ಕ ಅವನು ಸದಾ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ದೇವಸ್ಥಾನದ ರಕ್ಷೆಯ ಪುಟ್ಟ ಬಟ್ಟೆ ಚೀಲ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು. ಬೀಗದಲ್ಲಿ ಇನ್ನೊಂದು ಕೀಲಿ. ಒಂದೇ ಕಂಪನಿಯ ಮೇಜುಗಳಿಗೆಲ್ಲ ಒಂದೇ ಕೀಲಿಯಂತೆ, ರಿಪೇರಿಯವರ ಹತ್ತಿರ ಒಂದೊಂದು ಇರುತ್ತಿತ್ತಂತೆ. ದೊಯಿ ಅದನ್ನು ಹೇಳಲು ಮರೆತಿದ್ದ, ಅವನಿಗೆ ಆಮೇಲೆ ಚೆನ್ನಾಗಿ ಉಗಿದೆ. ತೊಕಿಕೊ ಆ ಚೀಲವನ್ನು ಮದುವೆಯಾದಾಗಿನಿಂದ ನೋಡಿದ್ದಳು, ಒರೆಸಿದ್ದಳು, ದಾರ ಹಳತಾದಾಗ ಬದಲಿಸಿದ್ದಳು. ಆದರೆ ರಕ್ಷೆಯನ್ನು ಬಿಚ್ಚಿ ನೋಡುವವರು ನಮ್ಮಲ್ಲಿ ಯಾರಿದ್ದಾರೆ? ಬಿಚ್ಚಿದರೆ ಕಾಪಾಡುವ ದೇವರು ಹೊರಟುಹೋಗುತ್ತಾನೆ.

ನಾನು ಕೂಗಲು ಬಾಯಿ ತೆರೆದೆ. ತೊಕಿಕೊ ನನ್ನ ಬಾಯಿಗೆ ಅಂಗೈ ಒತ್ತಿದಳು. ಕೂಗಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಕೈ ಎಲ್ಲಿಗೆ ತಾಗುತ್ತದೋ. ಪ್ಲಗ್ಗು ಅವನ ಆಚೆ ಬದಿಯಲ್ಲಿತ್ತು, ಅವನನ್ನು ದಾಟದೆ ಹೋಗುವಂತಿರಲಿಲ್ಲ. ಅವಳು ಮೆಲ್ಲಗೆ ಕೈ ತೆಗೆದು ಒಂದು ಹೆಜ್ಜೆ ಮುಂದಿಟ್ಟಳು.

ಮಗಳು ಹುಟ್ಟಿದ ಮೇಲೆ ಅವಳು ಗಂಡನನ್ನು ಕರೆಯುವುದು "ಅಪ್ಪಾ" ಎಂದೇ, ನಮ್ಮ ಬೀದಿಯ ಎಲ್ಲ ಹೆಂಗಸರ ಹಾಗೆ. ಅವತ್ತು ಹಾಗೆ ಕರೆಯಲಿಲ್ಲ. ತೊಕಿಕೊಳ ತಾಯಿಗೆ ನಿಲ್ದಾಣದ ಹತ್ತಿರ ಒಂದು ಕಾಫಿ ಅಂಗಡಿ ಇತ್ತು, ಕಾತ್ಸುಜಿ ಅಲ್ಲಿಗೆ ರಿಪೇರಿಗೆ ಬಂದಾಗಲೇ ಮೇಜಿನ ಗಾಜು ಒರೆಸುತ್ತಿದ್ದ ಮಗಳು ತೊಕಿಕೊಳನ್ನು ಕಂಡದ್ದು. ಆ ತಾಯಿ ಕರೆಯುತ್ತಿದ್ದ ದನಿಯನ್ನು ಅವಳು ಎಲ್ಲಿಂದಲೋ ಎತ್ತಿಕೊಂಡಳು. ನಿಧಾನ, ಸ್ವಲ್ಪ ಗತ್ತು, ಅವಸರವೇ ಇಲ್ಲ.

"ನಿಶಿವಾಕಿ ಸಾನ್, ಕಾಫಿ ಇಟ್ಟಿದ್ದೀನಿ. ಆರಿಹೋಗತ್ತೆ. ಸ್ವಿಚ್ ಆರ್ಸಿ ಬನ್ನಿ."

ಅವನು ತಲೆಯೆತ್ತಲಿಲ್ಲ. "ಚಿತ್ರ ಒಂಚೂರು ವಾಲಿದೆ ಅಮ್ಮಾವ್ರೇ, ಈಗ ಆಯ್ತು."

"ಕಾಫಿ ಕುಡ್ದು ಮಾಡಿ. ಗಿರಾಕಿಗಳೇನು ಇನ್ನೂ ಬಂದಿಲ್ಲ."

ಅವನು ಒಳಗಿನ ಕೈಯನ್ನು ಮೆಲ್ಲಗೆ ಮೇಲೆತ್ತಿದ. ತೊಕಿಕೊಳ ಕಣ್ಣು ಆ ಬೆರಳುಗಳ ಮೇಲೆ ನೆಟ್ಟಿತ್ತು. ಟ್ಯೂಬಿನ ಕತ್ತಿನ ಪಕ್ಕ ಹಾದವು, ದಪ್ಪ ಕೆಂಪು ವೈರಿನ ಪಕ್ಕ ಹಾದವು, ಹೊರಗೆ ಬಂದವು. ಅವನು ಸ್ವಿಚ್ ಆರಿಸಿದ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಅವಳ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದ. ಅಕ್ಕಿ ಯಾವಾಗ ಚೆಲ್ಲಿತ್ತೋ ಗೊತ್ತಿಲ್ಲ.

ಅವಳು ನಿಜವಾಗಿಯೂ ಕಾಫಿ ಮಾಡಿಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಡುಗೆಮನೆಯ ಕಡೆ ಇಣುಕಿದ. ಮತ್ತೆ ಇಣುಕಿದ. ಕಿವಿ ಕೆಂಪಗಾಗಿತ್ತು.

"ಅಮ್ಮಾವ್ರೇ, ನಿಮ್ಮ ಮಗಳು ಇವತ್ತು ಬಂದಿಲ್ವಾ?"

ತೊಕಿಕೊ ಅವನೆದುರು ಕೂತಳು. "ಇಲ್ಲ. ಯಾಕೆ?"

"ಏನಿಲ್ಲ." ಅವನು ಲೋಟ ಕೆಳಗಿಟ್ಟ. "ಈ ಮೇಜು ಸರಿ ಇಲ್ಲ. ವೈರೆಲ್ಲಾ ಸುಲಿದುಹೋಗಿದೆ. ನನಗಾದ್ರೆ ಅಭ್ಯಾಸ ಇದೆ. ಆದ್ರೆ ಅವಳು ಗಾಜು ಒರ್ಸೋಕೆ ಬರ್ತಾಳಲ್ಲ, ಒದ್ದೆ ಬಟ್ಟೆ ಹಿಡ್ಕೊಂಡು. ಬೇಡ ಅಂದ್ರೂ ಕೇಳಲ್ಲ, ನಗ್ತಾಳೆ. ನನಗೆ ರಾತ್ರಿ ನಿದ್ದೆ ಬರಲ್ಲ ಅಮ್ಮಾವ್ರೇ, ಅದನ್ನೇ ಯೋಚ್ನೆ ಮಾಡಿ ಮಾಡಿ. ಅವಳಿಗೇನಾದ್ರೂ ಆಗಿಬಿಟ್ರೆ..." ಅವನು ಮೇಜಿನ ಕಡೆ ಕೈ ತೋರಿಸಿದ. "ಇದನ್ನ ತೆಗ್ಸಿಬಿಡಿ. ಕಂಪನಿಗೆ ನಾನೇ ಹೇಳ್ತೀನಿ."

"ತೆಗ್ಸಿಬಿಡ್ತೀನಿ," ಎಂದಳು ತೊಕಿಕೊ. "ಇವತ್ತೇ."

ಸಂಜೆಯೊಳಗೆ ದೊಯಿ ಬಂದು ಒಯ್ದ. ಚಾಪೆಯ ಮೇಲೆ ಕಾಲಿನ ಗುರುತು ಉಳಿಯಿತು. ಇನ್ನು ಮತ್ತೆ ಗೇಟಿನ ದಾರಿಯೇ ಗತಿ ಎಂದು ನಾನು ಮರುದಿನ ಅಂಗಡಿ ತೆರೆಯದೆ ಅವರ ಬಾಗಿಲಲ್ಲೇ ಕಾದು ಕೂತೆ. ಕಾತ್ಸುಜಿ ಮಿಸೊ ಸಾರು ಕುಡಿದ, ತಲೆ ಬಾಚಿಕೊಂಡ, ಖಾಲಿ ಜಾಗದ ಪಕ್ಕ ಮಂಡಿ ಜೋಡಿಸಿ ಕೂತ. ಗೇಟಿನ ಗಂಟೆ ಬಡಿಯಿತು. ಅವನು ಎದ್ದೇಳಲಿಲ್ಲ. ಅವನ ಕಣ್ಣು ಬಾಗಿಲ ಮೇಲಿತ್ತು.

ತೊಕಿಕೊ ಕಾಫಿ ತಂದು ಮುಂದಿಟ್ಟಳು.

"ಅಮ್ಮಾವ್ರೇ, ಅವಳು ಇವತ್ತಾದ್ರೂ ಬರ್ತಾಳಾ?"

"ಬರ್ತಾಳೆ," ಎಂದಳು ಅವಳು. "ನೀವು ಇಲ್ಲಿಂದ ಎಲ್ಲೂ ಹೋಗ್ಬೇಡಿ."