ರತ್ನವ್ವ ತಿನ್ನದ ಪಿಯೆರೋಗಿ

ವಿಲಾಯತಿಯ ರೇನರ್ಸ್ ಲೇನ್ ಬಡಾವಣೆಯ ರತ್ನವ್ವನಿಗೆ ‘ಒಲ್ಲೆ’ ಅನ್ನಲು ಮಾತ್ರ ಬಾಯಿ ಬರುವುದಿಲ್ಲ. ಬೇರೆಲ್ಲಕ್ಕೂ ಬರುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಮ್ಯಾನೇಜರನನ್ನೇ ಗದರಿಸಿದ ಹೆಣ್ಣುಮಗಳು ಆಕೆ. ಅಲ್ಲಿ ಮಾಂಸ ಬೇಯಿಸಿದ ಪಾತ್ರೆಗಳ ನಡುವೆ ನಿಂತೂ ಒಂದು ತುತ್ತು ಮುಟ್ಟಲಿಲ್ಲ. ವಿಜಯಪುರದ ತವರಿನಲ್ಲಿ ಕಲಿತ ನೇಮ ಬಿಡದೆ, ಮಧ್ಯಾಹ್ನ ಮೂಲೆಯಲ್ಲಿ ಕೂತು ತನ್ನ ಡಬ್ಬಿಯ ರೊಟ್ಟಿ ಪಲ್ಯ ತಿಂದು ಬಂದಳು. ಆದರೆ ಯಾರಾದರೂ ಪ್ರೀತಿಯಿಂದ ತಟ್ಟೆ ಮುಂದೆ ಹಿಡಿದರೆ ಮುಗಿಯಿತು, ಎರಡೂ ಕೈ ಚಾಚಿಬಿಡುತ್ತಿದ್ದಳು.

ಪಕ್ಕದ ಮನೆಯ ಹಲೀನಾ ಪೋಲೆಂಡಿನ ಮುದುಕಿ. ಮೂರು ವರ್ಷದಿಂದ ಹಬ್ಬ ಬಂದಾಗಲೆಲ್ಲ ತಟ್ಟೆ ತುಂಬ ಪಿಯೆರೋಗಿ ತಂದುಕೊಡುತ್ತಿದ್ದಳು. ನೋಡಲು ನಮ್ಮ ಕರ್ಚಿಕಾಯಿಯದೇ ರೂಪ. ಒಳಗೆ ಆಲೂಗಡ್ಡೆ, ಪನೀರಿನಂಥ ಬಿಳಿ ಚೀಸು. “ಮಾಂಸ ಇಲ್ಲ, ರತ್ನಾ” ಎಂದು ಪ್ರತಿ ಸಲ ಹೇಳುತ್ತಿದ್ದಳು. ಇಬ್ಬರದೂ ಹರಕುಮುರುಕು ಇಂಗ್ಲಿಷು. ರತ್ನವ್ವನ ಇಂಗ್ಲಿಷಂತೂ ಪೂರಾ ವಿಜಯಪುರದ್ದು.

ಮಾಂಸ ಇಲ್ಲದಿದ್ದರೇನು, ಹುರಿದ ಬಾಣಲೆ ಯಾವುದೋ ಏನೋ! ರತ್ನವ್ವ ಬಾಗಿಲು ಹಾಕಿಕೊಂಡು ಅಷ್ಟನ್ನೂ ಪುರಸಭೆಯವರು ಕೊಟ್ಟ ಊಟದ ಕಸದ ಡಬ್ಬಿಗೆ ಸುರಿಯುತ್ತಿದ್ದಳು. ತಟ್ಟೆಯನ್ನು ಖಾಲಿ ಕಳಿಸಬಾರದಲ್ಲ, ಅದರ ತುಂಬ ಶೇಂಗಾ ಹೋಳಿಗೆ ಇಟ್ಟು ಒಯ್ದುಕೊಟ್ಟು, “ಭಾಳ ರುಚಿ ಆಗಿದ್ವು ನೋಡು” ಎನ್ನುತ್ತಿದ್ದಳು. ಹಲೀನಾ ಹೋಳಿಗೆಯ ಪುಡಿಯನ್ನೂ ಬಿಡದೆ ತಿನ್ನುತ್ತಿದ್ದಳು.

ಸೊಸೆ ಪ್ರಿಯಾಂಕಾ ಒಮ್ಮೆ ಇದನ್ನು ಕಂಡಳು. “ತಿನ್ನಂಗಿಲ್ಲ ಅಂತ ಹೇಳಿಬಿಡ್ರಿ ಅತ್ತಿ. ಯಾಕ ಸುಳ್ಳ ಹೇಳ್ತೀರಿ?”

“ಹ್ಯಾಂಗ ಹೇಳಲೆವ್ವಾ? ಮುದುಕಿ ಮನಸು ಮುರೀತದ. ನೀ ಸುಮ್ಮನಿರು.”

ಈ ಶನಿವಾರ ಹಲೀನಾ ಬಂದು ಕೈ ಹಿಡಿದು ಎಳೆದಳು. “ನಿನಗೆ ಅಷ್ಟು ಇಷ್ಟ. ಬಾ, ಕಲಿಸಿಕೊಡುತ್ತೇನೆ.” ಒಲ್ಲೆ ಅನ್ನಲಾಗದೆ ರತ್ನವ್ವ ಹೋದಳು. ಹಲೀನಾ ಕಣಕ ಲಟ್ಟಿಸಿದಳು, ರತ್ನವ್ವ ಹೂರಣ ತುಂಬಿ ಅಂಚು ಹೆಣೆದಳು. ಕುದಿಸಿ ತೆಗೆದ ಮೇಲೆ ಹಲೀನಾ ಮೇಲಿನ ಕಪಾಟಿನಿಂದ, ಬಟ್ಟೆ ಸುತ್ತಿಟ್ಟಿದ್ದ ಒಂದು ಬಾಣಲೆ ಇಳಿಸಿದಳು.

“ಇದು ನಿನ್ನದು. ನಮ್ಮದರಲ್ಲಿ ಹಂದಿಮಾಂಸ ಹುರಿಯುತ್ತೇವಲ್ಲ, ಅದಕ್ಕೆ ಮೊದಲನೇ ವರ್ಷವೇ ಬೇರೆ ತಂದಿಟ್ಟೆ.”

ರತ್ನವ್ವ ಆ ಬಾಣಲೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ಎಣ್ಣೆಯಲ್ಲಿ ಉಳ್ಳಾಗಡ್ಡಿಯ ಜೊತೆ ಹೊರಳಾಡಿದ ಬಿಸಿ ಪಿಯೆರೋಗಿಯನ್ನು ಮೊದಲ ಸಲ ಬಾಯಿಗಿಟ್ಟಳು. ಅಯ್ಯ ಶಿವನೇ, ಇಂಥಾ ರುಚಿಯನ್ನ ಡಬ್ಬಿಗೆ ಸುರುವಿದೆನಲ್ಲ! ಗಾಬರಿಯಲ್ಲಿ ನಾಲಿಗೆ ತನ್ನ ರೂಢಿಯ ಮಾತನ್ನೇ ಆಡಿತು: “ಹೋದ ಸಲದ್ದರಂಗ ಭಾಳ ರುಚಿ ಆಗ್ಯಾವ.”

ಹಲೀನಾ ನಕ್ಕಳು. “ಹೋದ ಸಲ ಉಪ್ಪು ಹಾಕುವುದನ್ನೇ ಮರೆತಿದ್ದೆ. ನಿನಗೆ ಕೊಟ್ಟು ಬಂದು ನಾನು ತಿಂದಾಗಲೇ ಗೊತ್ತಾಗಿದ್ದು. ನೀನು ರುಚಿ ಅಂದೆಯೇ ಹೊರತು ಉಪ್ಪಿನ ಮಾತೆತ್ತಲಿಲ್ಲ. ಎಂಥ ದೊಡ್ಡ ಮನಸ್ಸು ನಿನ್ನದು ಅಂತ ಮಗಳಿಗೂ ಹೇಳಿದೆ.”

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಹಲೀನಾಳ ಸ್ನೇಹವೂ ಉಳಿಯುತ್ತಿತ್ತು. ಆದರೆ ಆ ಹೊಗಳಿಕೆ ರತ್ನವ್ವನ ಗಂಟಲಲ್ಲಿ ಇಳಿಯಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತಲೇ ಹೇಳಿದಳು: “ನಾ ತಿಂದೇ ಇಲ್ಲ, ಹಲೀನಾ. ಕಸದ ಡಬ್ಬಿಗೆ ಹಾಕಿದೆ.”

“ಹೋದ ಸಲ?”

“ಎಲ್ಲಾ ಸಲ.”

ಹಲೀನಾ ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು. ಕೈಗೆ ಮೆತ್ತಿದ್ದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತಿಕ್ಕಿ ತೆಗೆಯುತ್ತ ಕೇಳಿದಳು, “ಇವತ್ತಿನದು?”

“ಇವತ್ತಿಂದು ಖರೇನ ಛಲೋ ಆಗ್ಯಾವ. ನನ್ನಾಣಿ.” ರತ್ನವ್ವನಿಗೆ ಅಳುವೇ ಬಂತು.

ಹಲೀನಾ ತಲೆಯೆತ್ತಿ ಆಕೆಯ ಮುಖವನ್ನೇ ನೋಡಿದಳು. ಬೈದಿದ್ದರೆ ರತ್ನವ್ವ ತಡೆದುಕೊಳ್ಳುತ್ತಿದ್ದಳು.

“ಆಗಲೂ ಹೀಗೆಯೇ ಹೇಳುತ್ತಿದ್ದೆಯಲ್ಲ ರತ್ನಾ,” ಎಂದಳು ಹಲೀನಾ. “ಇವತ್ತಿನದು ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕು?”